ಎಮಿಲ್ ಹುಡಾಕ್ ಓದದ ನಾಲ್ಕನೆಯ ಪುಟ

"ನಿನ್ನ ವಿಷಯದ ಯಾವ ಕಾಗದಕ್ಕೂ, ನೀನು ಹೂಂ ಅನ್ನದೆ, ನಾನು ಸಹಿ ಹಾಕಲ್ಲ" ಎಂದು ಎಮಿಲ್ ಹುಡಾಕ್ ತನ್ನ ಮಗಳು ಬರ್ನಡೆಟ್‌ಗೆ ಮಾತು ಕೊಟ್ಟದ್ದು ಸಾವಿರದ ಒಂಬೈನೂರ ಎಪ್ಪತ್ಮೂರರ ಅಕ್ಟೋಬರಿನಲ್ಲಿ. ಆಗ ಅವಳಿಗೆ ಆರು ವರ್ಷ. ಅವನು ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿದ್ದ. ಅವಳು ಇನ್ನೂ ಕೋಟು ಬಿಚ್ಚಿರಲಿಲ್ಲ.

ಆ ಬೆಳಿಗ್ಗೆ ಎಂದಿನಂತೆ ಊಟದ ಡಬ್ಬಿ ಹಿಡಿದು ಗುಡ್ಡದ ಮೇಲಿನ ಶಾಲೆಗೆ ಹೋದ ಹುಡುಗಿ ಮಧ್ಯಾಹ್ನದ ಬಸ್ಸಿನಿಂದ ಇಳಿಯಲಿಲ್ಲ. ಗಾಜಿನ ಕಾರ್ಖಾನೆಯ ಬಟ್ಟೆಯಲ್ಲೇ ಎಮಿಲ್ ಊರೆಲ್ಲ ಓಡಿದ. ಕೊನೆಗೆ ಅವಳು ಸಿಕ್ಕಿದ್ದು ರೈಲು ಹಳಿಗಳಾಚೆ, ಹಳೆಯ ಶಾಲೆಯ ನೆಲಮಾಳಿಗೆಯಲ್ಲಿ. ಕೋಟಿನ ಗುಂಡಿ ಅಷ್ಟೂ ಹಾಕಿಕೊಂಡು, ತೆರೆಯದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಾತು ಒಂದು ಹೆಜ್ಜೆ ತಡವಾಗಿ ಬರುವ, ಅಕ್ಷರ ಕಣ್ಣ ಮುಂದೆ ನಿಲ್ಲದ ಮಕ್ಕಳಿಗೆಂದು ಅಲ್ಲೊಂದು ಕೋಣೆ ಇತ್ತು. ಬೆಳಿಗ್ಗೆ ಹತ್ತಕ್ಕೆ ಒಂದು ವ್ಯಾನು ಬಂದು ಅವಳನ್ನು ಅಲ್ಲಿಗೆ ಸಾಗಿಸಿತ್ತು.

"ನಮಗೊಂದು ಮಾತು ಹೇಳ್ಬೇಕಿತ್ತಲ್ವಾ?" ಎಂದು ಎಮಿಲ್ ಶಾಲೆಯ ಕಚೇರಿಯಲ್ಲಿ ಕೇಳಿದ.

"ಈಗ ಹೇಳಿದ್ವಲ್ಲ" ಎಂದರು ಕಚೇರಿಯವರು.

ಆ ಕಾಲ ಹಾಗಿತ್ತು. ಹಾಲಿನವನು ನಾಳೆ ಬರುವುದಿಲ್ಲವೆಂದರೂ ಇವತ್ತೇ ಬಾಗಿಲಲ್ಲಿ ಚೀಟಿ ಇಡುತ್ತಿದ್ದ. ಮಗುವನ್ನು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಸಾಗಿಸಲು ಮಾತ್ರ ಚೀಟಿ ಬೇಕಿರಲಿಲ್ಲ.

ಹಾಗಾಗಿ ಎಮಿಲ್ ಮಾತು ಕೊಟ್ಟ. ಬರೀ ಕೊಡಲಿಲ್ಲ, ಕಾರ್ಖಾನೆಯ ಗಂಡಸರ ಕ್ರಮದಲ್ಲಿ ಅಂಗೈಗೆ ಉಗಿದುಕೊಂಡು ಕೈ ಚಾಚಿದ. ಬರ್ನಡೆಟ್ ಸ್ವಲ್ಪ ಹೊತ್ತು ಯೋಚಿಸಿ ತನ್ನ ಅಂಗೈಗೂ ಉಗಿದಳು. ಆಣೆಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಉಗಿದಳು. ಕೈ ಕುಲುಕಿ ಆಯಿತು.

ಈ ಒಪ್ಪಂದದಿಂದ ಒಹಾಯೋ ನದಿದಂಡೆಯ ಬೆಲ್ಟನ್ಸ್ ಫೆರಿ ಎಂಬ ಊರು ಐದು ವರ್ಷ ಅನುಭವಿಸಿದ ಕಷ್ಟ ಒಂದೆರಡಲ್ಲ. ಹಲ್ಲಿನ ಡಾಕ್ಟರು ಇಕ್ಕಳ ಹಿಡಿದು ನಿಂತಿರುವಾಗ ಎಮಿಲ್ ಕಾಗದವನ್ನು ಮಗಳಿಗೆ ತೋರಿಸಿ, "ಹಾಕ್ಲಾ?" ಎನ್ನುತ್ತಿದ್ದ. ಚರ್ಚಿನ ಮಕ್ಕಳ ಪ್ರವಾಸಕ್ಕೆ ಬಸ್ಸು ಹೊರಟು ನಿಂತಿದೆ, ಪಾದ್ರಿಗಳು ಗಡಿಯಾರ ನೋಡುತ್ತಿದ್ದಾರೆ, ಎಮಿಲ್ ಮೆಟ್ಟಿಲ ಮೇಲೆ ಕೂತು, "ಹಾಕ್ಲಾ?" ಬರ್ನಡೆಟ್‌ಳ ಹೂಂಕಾರ ಹೊಟ್ಟೆಯಿಂದ ಬಾಯಿಗೆ ಬರಲು ಒಳ್ಳೆ ಒಂದು ನಿಮಿಷ ಬೇಕು. ಬಸ್ಸು ಕಾಯುತ್ತಿತ್ತು, ಪಾದ್ರಿಗಳು ಕಾಯುತ್ತಿದ್ದರು. ಆಗ ಜನರಿಗೆ ಕಾಯಲು ಬರುತ್ತಿತ್ತು.

ಊರೂ ಅಂಥದೇ. ನಾಲ್ಕು ಕುಲುಮೆಗಳ ಗಾಜಿನ ಕಾರ್ಖಾನೆ. ಅದರ ಏಳು ಗಂಟೆಯ ಸಿಳ್ಳಿಗೆ ಮನೆಮನೆಯ ಗಡಿಯಾರ ತಿದ್ದಿಕೊಳ್ಳುತ್ತಿದ್ದರು. ಕಾರ್ಖಾನೆ ಬೇಡವೆಂದು ಬಿಟ್ಟ ಸೊಟ್ಟ ಹೂಜಿಗಳು ಪ್ರತಿ ಮನೆಯ ಮೇಜಿನ ಮೇಲೂ ಒಂದೇ ಕಡೆಗೆ ವಾಲಿಕೊಂಡು ನಿಂತಿರುತ್ತಿದ್ದವು. ಭಾನುವಾರ ಬಂದರೆ ರೇಡಿಯೋದಲ್ಲಿ ಪೋಲ್ಕಾ ಸಂಗೀತ, ಕಿಟಕಿಗಳಲ್ಲಿ ಎಲೆಕೋಸು ಬೇಯುವ ವಾಸನೆ. ಈಗ ಅಲ್ಲಿ ಕುಲುಮೆಯೂ ಇಲ್ಲ, ಸಿಳ್ಳೂ ಇಲ್ಲ. ಆ ಸೊಟ್ಟ ಹೂಜಿಗಳನ್ನು ಪಟ್ಟಣದವರು ಬಂದು ಹಳೆಯ ವಸ್ತುವೆಂದು ದುಬಾರಿ ಕೊಟ್ಟು ಒಯ್ಯುತ್ತಾರಂತೆ.

ಆ ಕಾರ್ಖಾನೆಯಲ್ಲಿ ಎಮಿಲ್‌ನ ಕೆಲಸ ಗಾಜಿನಲ್ಲಿ ಗುಳ್ಳೆ ಹುಡುಕುವುದು. ಸೂಜಿಮೊನೆಯಷ್ಟು ಗುಳ್ಳೆಯನ್ನೂ ಆರಡಿ ದೂರದಿಂದ ಹಿಡಿಯುತ್ತಿದ್ದ. ಆದರೆ ಅಚ್ಚಾದ ಕಾಗದ ಮಾತ್ರ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅವನ ಕಣ್ಣಿಗೆ ಮಂಜಾಗುತ್ತಿತ್ತು. ಈ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಳ್ಳಲು ಅವನು ಪಟ್ಟ ಶ್ರಮದಲ್ಲಿ ಓದುವುದನ್ನೇ ಕಲಿತುಬಿಡಬಹುದಿತ್ತು.

ಎಪ್ಪತ್ತೆಂಟರ ಅಕ್ಟೋಬರಿನ ಒಂದು ಸೋಮವಾರ ಅಂಚೆಯ ಓರ್ವಿಲ್ ರಿಜಿಸ್ಟರ್ಡ್ ಲಕೋಟೆ ಹಿಡಿದು ಬಾಗಿಲಿಗೆ ಬಂದ.

"ಇಲ್ಲಿ ಸಹಿ ಹಾಕು."

"ಏನದು?"

"ಶಾಲೆಯಿಂದ. ಬರ್ನಡೆಟ್ ವಿಷಯ ಅಂತ ಮೇಲೇ ಬರೆದಿದೆ."

"ಹಾಗಾದ್ರೆ ಹಾಕಲ್ಲ."

"ಇದು ತಲುಪಿದ್ದಕ್ಕೆ ಹಾಕೋ ಸಹಿ ಮಾರಾಯ!"

"ತಲುಪಿಲ್ಲ ಅಂತ ಬರ್ಕೊ."

"ನಿನ್ನ ಕೈಲೇ ಇದೆಯಲ್ಲಯ್ಯ!"

ಎಮಿಲ್ ಒಳಗೆ ತಿರುಗಿ ಕೂಗಿದ. "ಬರ್ನಡೆಟ್! ಓರ್ವಿಲ್ ಪುಸ್ತಕಕ್ಕೆ ಸಹಿ ಹಾಕ್ಲಾ?"

ಓರ್ವಿಲ್ ಅನುಭವಸ್ಥ. ಚೀಲ ಕೆಳಗಿಳಿಸಿ ಮೆಟ್ಟಿಲ ಮೇಲೆ ಕೂತ. ಒಂದು ನಿಮಿಷದ ನಂತರ ಒಳಗಿನಿಂದ "ಹೂಂ" ಬಂತು. ಎಮಿಲ್ ಸಹಿ ಹಾಕಿದ.

ಲಕೋಟೆಯಲ್ಲಿ ಒಂಬತ್ತು ಪುಟಗಳಿದ್ದವು. ಮೊದಲನೆಯ ಪುಟದ ನೆತ್ತಿಯ ಮೇಲೆ ದಪ್ಪಕ್ಷರದಲ್ಲಿ, "ನಿಮ್ಮ ಮಗುವಿನ ಸ್ಥಾನ ಬದಲಾವಣೆಯ ಪ್ರಸ್ತಾವ: ಪೂರ್ವ ಸೂಚನೆ." ವಾಷಿಂಗ್ಟನ್ನಿನಲ್ಲಿ ಹೊಸ ಕಾನೂನು ಬಂದಿತ್ತು. ಇನ್ನು ಮೇಲೆ ಇಂಥ ಮಕ್ಕಳನ್ನು ಕದಲಿಸುವ ಮುಂಚೆ ತಂದೆತಾಯಿಗೆ ಬರೆದು ತಿಳಿಸಬೇಕು, ಒಪ್ಪಿಗೆ ಕೇಳಬೇಕು. ಎರಡನೆಯ ಮತ್ತು ಮೂರನೆಯ ಪುಟಗಳಲ್ಲಿ ತಂದೆತಾಯಿಯ ಹಕ್ಕುಗಳಿದ್ದವು. ನಾಲ್ಕನೆಯ ಪುಟದಲ್ಲಿ ವಿಷಯವಿತ್ತು. ಅದೇನೆಂದರೆ, ಬರ್ನಡೆಟ್ ಹುಡಾಕ್‌ಳನ್ನು ಹಳಿಗಳಾಚೆಯ ನೆಲಮಾಳಿಗೆಯಿಂದ ಬಿಡಿಸಿ, ಗುಡ್ಡದ ಮೇಲಿನ ಶಾಲೆಯ ಐದನೆಯ ತರಗತಿಯಲ್ಲಿ, ಅವಳ ಓರಗೆಯ ಮಕ್ಕಳ ನಡುವೆ ಕೂರಿಸುವುದು. ಪಕ್ಕದಲ್ಲಿ ಸಹಾಯಕ್ಕೆ ಒಬ್ಬ ಟೀಚರನ್ನು ಕೊಡುವುದು. ಐದು ವರ್ಷದಿಂದ ಎಮಿಲ್ ಮನೆಯವರು ಯಾವುದಕ್ಕಾಗಿ ಮೇಣದಬತ್ತಿ ಹಚ್ಚುತ್ತಿದ್ದರೋ ಅದೇ.

ಎಮಿಲ್ ಎರಡನೆಯ ಪುಟದ ಅರ್ಧಕ್ಕೆ ನಿಂತ.

ಅವನ ಹೆಂಡತಿ ಡಾಲಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎರಡನೆಯ ಪಾಳಿಯವಳು. ಕೋಟು ಹಾಕಿಕೊಳ್ಳುತ್ತ ಅವಸರದಲ್ಲಿ ಕೇಳಿದಳು. "ಏನಂತೆ?"

"ಬದಲಾಯಿಸ್ತಾರಂತೆ."

"ಮತ್ತೇ? ಎಲ್ಲಿಗೆ? ಪೂರ್ತಿ ಓದಿದ್ಯಾ?"

ಇಲ್ಲಿ ಎಮಿಲ್, ಗಂಡ ಎಂಬ ಸ್ಥಾನದ ಗೌರವಕ್ಕಾಗಿ, ಒಂದು ಸಣ್ಣ ಸುಳ್ಳು ಹೇಳಿದ. "ಓದದೆ ಏನು? ಒಂಬತ್ತೂ ಪುಟ ಓದಿದೆ. ಬರೀ ಮೋಸ."

ಅಷ್ಟು ಹೇಳಿದ ಮೇಲೆ ಮೋಸವನ್ನು ಎದುರಿಸದೆ ದಾರಿಯಿರಲಿಲ್ಲ. ಕಾಗದ ಜೇಬಿಗಿಟ್ಟುಕೊಂಡು ಸೀದಾ ಸ್ಲೊವಾಕ್ ವಲಸಿಗರ ಕ್ಲಬ್ಬಿಗೆ ಹೋದ. ಅಲ್ಲಿ ಬಿಯರಿನ ಮುಂದೆ ಹಲ್ಲುಕಡ್ಡಿ ಕಚ್ಚಿಕೊಂಡು ಕೂತಿದ್ದವನು ಚೆಟ್ ಯುರ್ಕೋ, ಗಾಜಿನ ಕಾರ್ಮಿಕರ ಸಂಘದ ಮುಖಂಡ. ಕಂಪನಿಯೊಡನೆ ಆರು ಕರಾರು ಮಾಡಿದ ಗಂಡು. ಕಂಪನಿಯ ಮ್ಯಾನೇಜರು ಸತ್ತಾಗಲೂ ಶವದ ಎದುರು ತನ್ನವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದನೆಂದು ಪ್ರತೀತಿ.

ಚೆಟ್ ಕಾಗದದ ತಲೆಬರಹ ನೋಡಿದ. ಮುಖ ಕಪ್ಪಿಟ್ಟಿತು.

"ಸ್ಥಾನ ಬದಲಾವಣೆ. ಪ್ರಸ್ತಾವ. ಪೂರ್ವ ಸೂಚನೆ. ಎಮಿಲ, ಐವತ್ತೊಂಬತ್ತರಲ್ಲಿ ನಮ್ಮಪ್ಪನಿಗೆ ಬಂದಿದ್ದೂ ಇಂಥದೇ ಕಾಗದ. ಮೂರನೇ ಕುಲುಮೆಯಿಂದ ಕಸ ಗುಡಿಸೋಕೆ ಹಾಕಿದ್ರು."

"ಈಗೇನ್ ಮಾಡೋದು?"

"ಓದಿದ್ಯಾ?"

"ಒಂಬತ್ತೂ ಪುಟ."

"ತಪ್ಪು ಮಾಡ್ದೆ. ಮಾಲೀಕನ ಕಾಗದ ಓದಬಾರದು. ಓದ್ಲಿ ಅಂತಲೇ ಬರೆದಿರ್ತಾರೆ. ಓದಿದ್ರೆ ಮನಸ್ಸು ಮೆತ್ತಗಾಗುತ್ತೆ. ಮೊದಲನೇ ಮಾತು ಯಾವತ್ತೂ ಅವರ ನಿಜವಾದ ಮಾತಲ್ಲ. 'ಒಪ್ಪಿಗೆ ಇಲ್ಲ' ಅಂತ ಚೌಕ ಇದೆಯಲ್ಲ, ಅಲ್ಲೊಂದು ಗೀಟು ಎಳಿ. ಸಹಿ ಬೇಡ. 'ಸಭೆ ಬೇಕು' ಅಂತ ಬರಿ. ಆ ಹಾಳೆ ಮಾತ್ರ ಕಿತ್ತು ಶಾಲೆಗೆ ಕಳಿಸು. ಉಳಿದ ಕಾಗದ ನನ್ನ ಹತ್ರ ಇರ್ಲಿ, ಸಂಘದ ತಿಜೋರೀಲಿ. ಸಾಕ್ಷಿ."

ಹೀಗೆ ಬರ್ನಡೆಟ್‌ಳ ಭವಿಷ್ಯ ಓದುಗರಿಲ್ಲದ ತಿಜೋರಿ ಸೇರಿತು.

ಆ ಕಡೆ ಶಾಲೆಯಲ್ಲಿ ಮಿಸ್ ಪೊಮರಾಯ್ ಎಂಬ ಹೆಣ್ಣುಮಗಳಿದ್ದಳು. ವಯಸ್ಸು ಇಪ್ಪತ್ತಾರು, ಇಂಥ ಮಕ್ಕಳ ವಿಭಾಗದ ಮೇಲ್ವಿಚಾರಕಿ. ಹೊಸ ಕಾನೂನನ್ನು ಬೇರೆಯವರು ಬೈಬಲ್ ನಂಬುವಂತೆ ನಂಬಿದ್ದಳು. ನಲವತ್ತು ಮನೆಗಳಿಗೆ ಅವಳು ಸೂಚನೆ ಕಳಿಸಿದ್ದಳು. ಮೂವತ್ತೊಂಬತ್ತು ಮರುದಿನವೇ ಸಹಿಯಾಗಿ ಬಂದಿದ್ದವು. ಒಂದರ ಮೇಲೆ ಕಾಫಿ ಲೋಟದ ಗುರುತಿತ್ತು, ಉಳಿದವಕ್ಕೆ ಮಡಿಕೆ ಬಿಚ್ಚಿದ ಗುರುತೂ ಇರಲಿಲ್ಲ. ನಲವತ್ತನೆಯದು ಹುಡಾಕ್‌ನದು, 'ಒಪ್ಪಿಗೆ ಇಲ್ಲ, ಸಭೆ ಬೇಕು' ಎಂದು ಬಂತು. ಮಿಸ್ ಪೊಮರಾಯ್‌ಗೆ ಕಣ್ಣೀರೇ ಬಂತು. ಓದುವ ತಂದೆಯೊಬ್ಬ ಸಿಕ್ಕಿದ್ದ!

"ಇವನು ನಾಲ್ಕನೇ ಪುಟ ಅಳೆದು ತೂಗಿದ್ದಾನೆ ಸರ್" ಎಂದು ಅವಳು ಮುಖ್ಯೋಪಾಧ್ಯಾಯ ಲಿಂಡ್‌ಕ್ವಿಸ್ಟ್‌ಗೆ ಹೇಳಿದಳು. "ಸಹಾಯಕ ಟೀಚರ್ ಅರ್ಧ ದಿನ ಅಂತ ಇಟ್ಟಿದ್ವಿ. ಸಾಲದು ಅಂತ ಅವನ ಅಭಿಪ್ರಾಯ. ನಿಜವಾಗ್ಲೂ ಸಾಲದು."

"ಪೂರ್ತಿ ದಿನ ಮಾಡಿಬಿಡು. ಗಲಾಟೆ ಬೇಡ" ಎಂದ ಲಿಂಡ್‌ಕ್ವಿಸ್ಟ್. ನಿವೃತ್ತಿಗೆ ಏಳು ತಿಂಗಳಿದ್ದ ಮನುಷ್ಯ.

ಪ್ರಸ್ತಾವ ಬದಲಾದರೆ ಮತ್ತೊಂದು ಪೂರ್ವ ಸೂಚನೆ ಕಳಿಸಬೇಕು, ಕಾನೂನು. ಬುಧವಾರ ಓರ್ವಿಲ್ ಎರಡನೆಯ ಲಕೋಟೆ ತಂದ. ಎಮಿಲ್ ತೆರೆಯದೆ ಚೆಟ್‌ಗೆ ಕೊಟ್ಟ.

"ಬಗ್ತಾ ಇದ್ದಾರೆ" ಎಂದ ಚೆಟ್. "ಇಲ್ಲ ಅನ್ನು."

ಮಿಸ್ ಪೊಮರಾಯ್ ಇನ್ನೊಮ್ಮೆ ಯೋಚಿಸಿ, ಮಾತಿನ ಪಾಠ ವಾರಕ್ಕೆ ಎರಡಿದ್ದುದನ್ನು ನಾಲ್ಕು ಮಾಡಿದಳು. ಶನಿವಾರ ಮೂರನೆಯ ಲಕೋಟೆ.

"ಒಂದೇ ವಾರದಲ್ಲಿ ಮೂರು" ಎಂದ ಓರ್ವಿಲ್ ಬೀದಿಗೆಲ್ಲ ಕೇಳುವಂತೆ. "ಗವರ್ನರಿಗೂ ಇಷ್ಟು ಬರಲ್ಲ ಕಣಯ್ಯ."

ಬೀದಿಗೆ ಅಷ್ಟು ಸಾಕಾಯಿತು. ಹುಡಾಕ್ ಮುಷ್ಕರ ಹೂಡಿದ್ದಾನೆ ಎಂಬ ಸುದ್ದಿ ಸಂಜೆಯೊಳಗೆ ಊರಿಡೀ ಹಬ್ಬಿತು. ಯಾತಕ್ಕೆ ಮುಷ್ಕರ ಎಂದು ಯಾರೂ ಕೇಳಲಿಲ್ಲ. ಬೆಲ್ಟನ್ಸ್ ಫೆರಿಯಲ್ಲಿ ಅದನ್ನು ಕೇಳುವುದು ಅಸಭ್ಯತೆ. ಪಕ್ಕದ ಮನೆಯ ಮಿಸೆಸ್ ಕೋಪ್ಕೊ ತನ್ನ ಜಗಲಿಗೆ "ಹುಡಾಕ್ ಜೊತೆ ನಾವು" ಎಂದು ಬರೆದ ಹಾಸಿಗೆ ಚಾದರ ಕಟ್ಟಿದಳು. ಡಾಲಿಯ ತಾಯಿ, ಊರೆಲ್ಲ ಬಾಬಾ ಎಂದು ಕರೆಯುವ ಅಜ್ಜಿ, ಐವತ್ತೊಂಬತ್ತರ ಮುಷ್ಕರದ ದೊಡ್ಡ ಹಂಡೆಯನ್ನು ಅಟ್ಟದಿಂದ ಇಳಿಸಿ ತೊಳೆದು, ಎಲೆಕೋಸಿನ ಎಲೆಯಲ್ಲಿ ಮಾಂಸ ಸುತ್ತಿ ಬೇಯಿಸತೊಡಗಿದಳು.

"ಎಷ್ಟು ಜನಕ್ಕಮ್ಮಾ?" ಎಂದಳು ಡಾಲಿ.

"ಇನ್ನೂರು."

"ನಾವಿರೋದು ನಾಲ್ಕು ಜನ."

"ಮುಷ್ಕರ ಅಂದ್ಮೇಲೆ ಇನ್ನೂರೇ ಕಣೇ. ಕಮ್ಮಿ ಮಾಡೋಕೆ ನನಗೆ ಬರಲ್ಲ."

ಶಾಲೆಯ ಜವಾನ ಕಾರ್ಖಾನೆಯ ಕಾರ್ಮಿಕನೊಬ್ಬನ ಭಾವಮೈದುನ. ಅವನು ಸಭೆಯ ಕೋಣೆಯ ಬೀಗದ ಕೈ ಕಳೆದುಹೋಗಿದೆ ಎಂದು ಘೋಷಿಸಿದ. ಶಾಲೆಯ ಅಡುಗೆಯ ಹೆಂಗಸರು ಲಿಂಡ್‌ಕ್ವಿಸ್ಟ್‌ನ ತಟ್ಟೆಗೆ ಮಾತ್ರ ಸಾರು ಬಡಿಸುವುದನ್ನು ನಿಲ್ಲಿಸಿದರು. ಆತ ಒಣ ಬ್ರೆಡ್ಡು ಅಗಿಯುತ್ತ ಮಿಸ್ ಪೊಮರಾಯ್‌ಗೆ, "ಏನಮ್ಮಾ, ಆ ಮನುಷ್ಯನಿಗೆ ಬೇಕಾದ್ದೇನು? ನನ್ನ ಕುರ್ಚಿಯಾ? ಕೊಟ್ಬಿಡು" ಎಂದನಂತೆ.

ಇಷ್ಟರ ನಡುವೆ ಒಬ್ಬಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. ಹಲ್ಲಿನ ಡಾಕ್ಟರ ಮುಂದೆ, ಪಾದ್ರಿಗಳ ಮುಂದೆ ತಪ್ಪದ ಎಮಿಲ್‌ಗೆ ಈ ಗದ್ದಲದಲ್ಲಿ ಅದು ಮರೆತೇಹೋಗಿತ್ತು. ಸಹಿಯೇ ಹಾಕುತ್ತಿಲ್ಲವಲ್ಲ, ಕೇಳುವುದೇನನ್ನು? ಭಾನುವಾರ ಊಟದ ಮೇಜಿನಲ್ಲಿ ಬರ್ನಡೆಟ್ ಬಾಯಿ ತೆರೆದಳು.

"ಲೊರೇನ್..." ಎಂದಳು.

"ಆ ಕಡೆ ಎಷ್ಟು ಜನ ಕೂರ್ತಾರೆ?" ಎಂದ ಎಮಿಲ್.

"ಇಬ್ಬರು" ಎಂದ ಊಟಕ್ಕೆ ಬಂದಿದ್ದ ಚೆಟ್. "ನಾವು ಎಂಟು ಜನ ಹೋಗ್ತೀವಿ."

"...ನನ್ನ ಪಕ್ಕ ಕೂರ್ತಾಳೆ" ಎಂದಳು ಬರ್ನಡೆಟ್.

"ಕಾಫಿ ಕೊಟ್ರೆ ಮುಟ್ಟಬೇಡಿ. ಕಾಫಿ ಕುಡಿದವನು ಅರ್ಧ ಒಪ್ಪಿದ ಹಾಗೆ."

"...ಅವಳಿಗೆ ಬೂಟಿನ ದಾರ..."

"ನಕ್ಕರೆ ನಗಬೇಡಿ!"

"...ನಾನೇ ಕಟ್ಟೋದು" ಎಂದು ಬರ್ನಡೆಟ್ ಮುಗಿಸಿದಳು. "ದಿನಾ." ಅಷ್ಟು ಹೊತ್ತಿಗೆ ಮಾತು ಮುಷ್ಕರದ ಹಾಡುಗಳತ್ತ ಹೊರಳಿತ್ತು. ಬಾಬಾ ಅವಳ ತಟ್ಟೆಗೆ ಇನ್ನೊಂದು ಎಲೆಕೋಸಿನ ಸುರುಳಿ ಹಾಕಿದಳು.

ಸಭೆ ಗುರುವಾರ ಮೂರು ಗಂಟೆಗೆ. ಮೊದಲ ಸೂಚನೆಯಿಂದ ಹತ್ತನೆಯ ದಿನ. ಅಂದು ನಾಲ್ಕೂವರೆಯೊಳಗೆ ಒಪ್ಪಿಗೆ ಬೀಳದಿದ್ದರೆ ಆ ಸಹಾಯಕ ಟೀಚರು ಪಕ್ಕದ ಊರಿನ ಶಾಲೆಗೆ ಹೋಗುವವಳಿದ್ದಳು, ಮುಂದಿನ ಸೆಪ್ಟೆಂಬರಿನವರೆಗೆ ಮಾತಿಲ್ಲ. ಇದೂ ನಾಲ್ಕನೆಯ ಪುಟದ ಕೆಳಗಡೆ ಬರೆದಿತ್ತು.

ಸಭೆಯ ಕೋಣೆಯ ಬೀಗದ ಕೈ ಕಳೆದುಹೋಗಿದ್ದರಿಂದ ತೆರೆದಿದ್ದದ್ದು ಶಿಶುವಿಹಾರದ ಕೋಣೆಯೊಂದೇ. ಅಲ್ಲಿನ ಕುರ್ಚಿಗಳು ಐದು ವರ್ಷದವರಿಗೆಂದು ಮಾಡಿದವು. ಮೇಜಿನ ಒಂದು ಬದಿಗೆ ಚೆಟ್, ಎಮಿಲ್, ಅರ್ಧ ದಿನ ರಜೆ ಹಾಕಿ ಬಂದ ಡಾಲಿ, ಐದು ಮಂದಿ ಗಾಜಿನ ಕಾರ್ಮಿಕರು, ಹಂಡೆಯೊಡನೆ ಬಾಬಾ, ಬಾಬಾಳ ಪಕ್ಕ ಬರ್ನಡೆಟ್. ಗಂಡಸರ ಮೊಣಕಾಲುಗಳೆಲ್ಲ ಕಿವಿಯ ಹತ್ತಿರ ಬಂದಿದ್ದವು. ಕುಲುಮೆಯ ಮುಂದೆ ಇಪ್ಪತ್ತು ವರ್ಷ ಬೆವರು ಹರಿಸಿದ ಶರೀರಗಳು ಕೆಂಪು ನೀಲಿ ಹಳದಿ ಕುರ್ಚಿಗಳ ಮೇಲೆ ಗಂಭೀರವಾಗಿ ಒಂದೇ ಸಾಲಿನಲ್ಲಿ ಕೂತವು. ಇನ್ನೊಂದು ಬದಿಗೆ ಮಿಸ್ ಪೊಮರಾಯ್, ಲಿಂಡ್‌ಕ್ವಿಸ್ಟ್, ಒಂದು ತಟ್ಟೆ ಬಿಸ್ಕತ್ತು.

"ಕಾಫಿ?" ಎಂದಳು ಮಿಸ್ ಪೊಮರಾಯ್.

ಎಂಟು ತಲೆಗಳು ಒಟ್ಟಿಗೆ ಆಡಿದವು. ಬೇಡ.

"ಬಂದಿದ್ದು ತುಂಬಾ ಸಂತೋಷ ಮಿಸ್ಟರ್ ಹುಡಾಕ್. ನಮ್ಮ ಪ್ರಸ್ತಾವದ ಬಗ್ಗೆ..."

"ಒಪ್ಪಲ್ಲ" ಎಂದ ಚೆಟ್.

"ನಾನಿನ್ನೂ ಏನೂ ಹೇಳಿಲ್ಲ."

"ಹೇಳೋ ಮುಂಚೆಯಿಂದ್ಲೇ ಒಪ್ಪಲ್ಲ."

"ಇವರು ಯಾರು ಅಂತ..."

"ಇವನು ನನ್ನ ಪರವಾಗಿ ಮಾತಾಡ್ತಾನೆ" ಎಂದ ಎಮಿಲ್. ಆ ವಾಕ್ಯವನ್ನು ಬೆಳಿಗ್ಗೆಯಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ.

"ಆಗಲಿ. ಮೂರೂ ಸೂಚನೆ ಪೂರ್ತಿ ಓದಿದ್ದೀರಲ್ವಾ?"

ಡಾಲಿ ಗಂಡನ ಕಡೆ ನೋಡಿದಳು. ಎಮಿಲ್ ಎದೆ ಮುಂದೆ ಮಾಡಿದ. ಪುಟ್ಟ ಕುರ್ಚಿ ಕಿರುಗುಟ್ಟಿತು. "ಒಂದಕ್ಷರ ಬಿಟ್ಟಿಲ್ಲ."

"ನಾಲ್ಕನೇ ಪುಟದ ಮೊದಲನೇ ಅಂಶ ಒಪ್ಪಿಗೆಯಾ?"

"ಇಲ್ಲ."

"ಎರಡನೇದು?"

"ಖಂಡಿತ ಇಲ್ಲ."

"ಮೂರನೇದನ್ನ ಎರಡು ಸಲ ತಿದ್ದಿದ್ದೀವಿ..."

"ಹತ್ತು ಸಲ ತಿದ್ದಿ!"

ಮಿಸ್ ಪೊಮರಾಯ್ ಬೆರಳುಗಳನ್ನು ಹೆಣೆದುಕೊಂಡಳು. "ಒಂದೊಂದಾಗಿ ಬಿಡಿಸಿ ಮಾತಾಡೋಣ ಅಂದ್ರೆ, ಇಷ್ಟು ಜನರೆದುರು ಮಗುವಿನ ವಿಷಯ ನಾನು ಬಾಯಿಬಿಟ್ಟು ಹೇಳೋ ಹಾಗಿಲ್ಲ. ಅದಕ್ಕೂ ನಿಮ್ಮ ಅನುಮತಿ ಬೇಕು. ಇಲ್ಲೊಂದು ಸಹಿ ಹಾಕಿದ್ರೆ..."

"ಸಹಿ!" ಚೆಟ್ ಎದ್ದು ನಿಂತ. ಪುಟ್ಟ ಕುರ್ಚಿ ಅವನ ಹಿಂಬದಿಗೆ ಅಂಟಿಕೊಂಡೇ ಎದ್ದಿತು. "ನೋಡಿದ್ಯಾ ಎಮಿಲ? ಬಂತಾ ಸಹಿ ವಿಷಯ?"

ಇಬ್ಬರು ಕಾರ್ಮಿಕರು ಎದ್ದು ಅವನ ಕುರ್ಚಿ ಬಿಡಿಸಿದರು. ಲಿಂಡ್‌ಕ್ವಿಸ್ಟ್ ಕಣ್ಣು ಮುಚ್ಚಿಕೊಂಡು, "ಇವರಿಗೆ ಏನು ಬೇಕೋ ಬರ್ಕೊಂಡು ಬಿಡಮ್ಮಾ" ಎಂದು ಗೊಣಗಿದ. ಹೀಗೆಯೇ ಒಂದು ಗಂಟೆ ಕಳೆಯಿತು. ಒಂದು ಬದಿಯವರಿಗೆ ಕೊಡುವುದು ಏನೆಂದು ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಇನ್ನೊಂದು ಬದಿಯವರಿಗೆ ಬೇಡವೆನ್ನುವುದು ಗೊತ್ತಿತ್ತು, ಯಾವುದನ್ನೆಂದು ಗೊತ್ತಿರಲಿಲ್ಲ. ಲೋಕದ ಎಷ್ಟೋ ಸಂಧಾನಗಳು ಇದೇ ಸ್ಥಿತಿಯಲ್ಲಿ ವರ್ಷಗಟ್ಟಲೆ ನಡೆಯುತ್ತವೆಂದು ಕೇಳಿದ್ದೇವೆ.

ನಾಲ್ಕು ಹೊಡೆಯುವಾಗ ಸಾಲಿನ ತುದಿಯಿಂದ ಒಂದು ದನಿ ಹೊರಟಿತು.

"ಅದರಲ್ಲಿ..."

ಎಮಿಲ್ ಕೈ ಎತ್ತಿದ. ಕಾರ್ಮಿಕರು ಬಾಯಿ ಮುಚ್ಚಿದರು. ಊರಿನವರಿಗೆ ರೂಢಿ ಇತ್ತು, ಕಾದರು. ಲಿಂಡ್‌ಕ್ವಿಸ್ಟ್ ಮಾತ್ರ ಏನಾಯಿತೆಂದು ಕಣ್ಣು ತೆರೆದ.

"...ಏನಿದೆ?" ಎಂದಳು ಬರ್ನಡೆಟ್. "ಓದಿ ಹೇಳಿ."

ಅವಳಿಗೆ ಓದಲು ಬರುತ್ತಿರಲಿಲ್ಲ. ಅದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹನ್ನೆರಡು ಜನರಿದ್ದ ಕೋಣೆಯಲ್ಲಿ ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

"ಓದಲಾ?" ಮಿಸ್ ಪೊಮರಾಯ್ ಎಮಿಲ್‌ನ ಮುಖ ನೋಡಿದಳು.

"ಅವಳು ಕೇಳಿದ್ಲಲ್ಲ, ಓದಿ" ಎಂದ ಎಮಿಲ್. ಚೆಟ್ ಅವನ ತೋಳು ಜಗ್ಗಿದ, ಅವನು ಬಿಡಿಸಿಕೊಂಡ. ಸಹಿ ಬೇಕೆಂದ ಕಾಗದ ಮಿಸ್ ಪೊಮರಾಯ್‌ಗೆ ಆ ಗಳಿಗೆಯಲ್ಲಿ ಮರೆತೇಹೋಯಿತು, ದೇವರು ಅವಳನ್ನು ಕ್ಷಮಿಸಲಿ. ನಾಲ್ಕನೆಯ ಪುಟ ಓದಿದಳು. ಗುಡ್ಡದ ಮೇಲಿನ ಶಾಲೆ. ಐದನೆಯ ತರಗತಿ. ಪಕ್ಕದಲ್ಲಿ ಟೀಚರು, ದಿನವಿಡೀ. ಮಾತಿನ ಪಾಠ ವಾರಕ್ಕೆ ನಾಲ್ಕು. ಬೀದಿಯ ಮಕ್ಕಳೆಲ್ಲ ಹೋಗುವ ಬಸ್ಸು. ಸೋಮವಾರದಿಂದ.

ಚೆಟ್‌ನ ಬಾಯಿಂದ ಹಲ್ಲುಕಡ್ಡಿ ಬಿತ್ತು. ಕಾರ್ಮಿಕನೊಬ್ಬ ಟೋಪಿ ತೆಗೆದ. ಬಾಬಾ ಶಿಲುಬೆಯ ಗುರುತು ಮಾಡಿಕೊಂಡಳು.

"ಎಮಿಲ" ಎಂದ ಚೆಟ್ ಮೆಲ್ಲಗೆ. "ಒಂಬತ್ತೂ ಪುಟ ಓದಿದ್ದೆ ಅಂದ್ಯಲ್ಲೋ?"

"ಓದಿದ್ದೆ. ಎರಡನೇದರ ಅರ್ಧದವರೆಗೆ." ಎಮಿಲ್ ಬಿಸ್ಕತ್ತಿನ ತಟ್ಟೆ ನೋಡುತ್ತ ಹೇಳಿದ. "ನೀನು ಉಳಿದ ಎರಡು ಲಕೋಟೆನಾದ್ರೂ ತೆಗೆದು ನೋಡ್ಬಾರ್ದಿತ್ತಾ?"

"ತಿಜೋರೀಲಿತ್ತು!"

ಡಾಲಿ ಕೈಚೀಲವನ್ನು ಟಪ್ಪೆಂದು ಮುಚ್ಚಿದಳು. "ಮನೆಗೆ ನಡಿ" ಎಂದಳು ಗಂಡನಿಗೆ. "ನಿನಗೂ ಒಂದು ಪೂರ್ವ ಸೂಚನೆ ಇದೆ."

ಗಡಿಯಾರ ನಾಲ್ಕೂ ಹತ್ತು ತೋರಿಸುತ್ತಿತ್ತು. ಲಿಂಡ್‌ಕ್ವಿಸ್ಟ್ ತಾನೇ ಪೆನ್ನು ಬಿಚ್ಚಿ ಮೇಜಿನ ಮೇಲೆ ಉರುಳಿಸಿದ. ಎಮಿಲ್ ಅದನ್ನು ಹಿಡಿದ. ಕೈ ಅಭ್ಯಾಸದಂತೆ ನಿಂತಿತು. ಸಾಲಿನ ತುದಿಗೆ ತಿರುಗಿದ.

"ಬರ್ನಡೆಟ್, ಹಾಕ್ಲಾ?"

ಎಲ್ಲರೂ ನಗುಮುಖ ಮಾಡಿಕೊಂಡು ಕಾದರು. ಒಂದು ನಿಮಿಷ ಕಳೆಯಿತು.

"ಲೊರೇನ್?" ಎಂದಳು ಬರ್ನಡೆಟ್.

"ಯಾರು ಲೊರೇನ್?" ಎಂದ ಎಮಿಲ್.

"ನನ್ನ ಪಕ್ಕ ಕೂರೋಳು. ಅವಳೂ ಬರ್ತಾಳಾ?"

ಮಿಸ್ ಪೊಮರಾಯ್‌ಳ ಮುಖದ ಬಣ್ಣ ಹೋಯಿತು. ಮಡಿಕೆ ಬಿಚ್ಚದೆ ಸಹಿಯಾಗಿ ಬಂದ ಕಾಗದಗಳಲ್ಲಿ ಲೊರೇನ್‌ಳದೂ ಒಂದೆಂದು, ಅದರ ನಾಲ್ಕನೆಯ ಪುಟದಲ್ಲಿ ಗುಡ್ಡದ ಶಾಲೆ ಇರಲಿಲ್ಲವೆಂದು ಅವಳಿಗೆ ಗೊತ್ತಿತ್ತೇನೋ. "ಬೇರೆ ಮಗುವಿನ ವಿಷಯ ನಾನು ಹೇಳೋ ಹಾಗಿಲ್ಲ ಕಣಮ್ಮಾ" ಎಂದಳು.

"ಹಾಗಾದ್ರೆ ಬೇಡ" ಎಂದಳು ಬರ್ನಡೆಟ್. ಈ ಮಾತು ತಡವಾಗದೆ ಬಂತು.

ಚೆಟ್ ಮೂವತ್ತು ವರ್ಷದ ಅನುಭವದಿಂದ, ವಿರಾಮ ಬೇಕೆಂದು ಕೂಗಿದ. ತಂದೆ ಮಗಳು ಹೊರಗಿನ ಪಡಸಾಲೆಗೆ ಬಂದರು. ಮಕ್ಕಳು ನೀರು ಕುಡಿಯುವ ನಲ್ಲಿಯ ಪಕ್ಕ ಎಮಿಲ್ ಕುಕ್ಕರಗಾಲಲ್ಲಿ ಕೂತ.

"ನೋಡಮ್ಮಾ, ಗುಡ್ಡದ ಶಾಲೆ. ಅಲ್ಲಿ ಕಿಟಕಿಗಳಿವೆ. ನೆಲಮಾಳಿಗೆಯಲ್ಲಿ ಕಿಟಕಿ ಇದೆಯಾ?"

"ಒಂದಿದೆ. ಕಾಲುಗಳು ಕಾಣ್ತವೆ."

"ಅದೇ ಮತ್ತೆ. ಇಲ್ಲಿ ಪೂರ್ತಿ ಮನುಷ್ಯರು ಕಾಣ್ತಾರೆ. ಹೂಂ ಅನ್ನು."

"ಮೊದಲನೇ ಮಾತಿಗೆ ಒಪ್ಪಬಾರದು ಅಂತ ಚೆಟ್ ಮಾಮ ಹೇಳಿದ್ರು."

"ಇದು ಮೂರನೇ ಮಾತು ಕಣೇ! ಚೆಟ್ ಮಾಮನ ಜೀವಮಾನದಲ್ಲಿ ಇಂಥ ಮಾತು ಸಿಕ್ಕಿಲ್ಲ!"

"ಲೊರೇನ್‌ಗೆ ಬೂಟಿನ ದಾರ ಕಟ್ಟೋಕೆ ಬರಲ್ಲ."

"ಬೇರೆ ಯಾರಾದ್ರೂ ಕಟ್ತಾರೆ."

"ಯಾರು?"

ಎಮಿಲ್ ನಲ್ಲಿಯ ಗುಂಡಿ ಒತ್ತಿದ. ನೀರು ಚಿಮ್ಮಿತು. ಯಾರೂ ಕುಡಿಯಲಿಲ್ಲ.

"ಅವರಮ್ಮನ ಹತ್ರ ನಾನು ಮಾತಾಡ್ತೀನಿ" ಎಂದ. "ಓದಿ ಅಂತ ಹೇಳ್ತೀನಿ. ಆದ್ರೆ ಅವಳ ಕಾಗದಕ್ಕೆ ನಾನು ಸಹಿ ಹಾಕೋ ಹಾಗಿಲ್ಲಮ್ಮಾ. ನಿನ್ನದಕ್ಕೆ ಮಾತ್ರ."

"ಅವಳನ್ನ ಕೇಳಿದ್ರಾ? ಲೊರೇನ್‌ನ?"

"ಇಲ್ಲ."

"ನನ್ನನ್ನ ಇವತ್ತು ಕೇಳಿದ್ರಿ."

"ಹೌದು."

"ನಾನು ಬೇಡ ಅಂದೆ."

ಒಳಗೆ ಕಾರ್ಮಿಕರು ಕೊನೆಗೂ ಕಾಫಿ ಕುಡಿಯುತ್ತಿದ್ದ ಸದ್ದು ಬರುತ್ತಿತ್ತು. ಎಮಿಲ್ ಮಗಳ ಮುಖ ನೋಡುತ್ತ ಕೂತ. ಐದು ವರ್ಷದಲ್ಲಿ ಅವನಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಅದೊಂದೇ, ಅವಳ ಹೂಂಕಾರಕ್ಕೆ ಕಾಯುವುದು. ಕಾದ. ನಾಲ್ಕೂ ಇಪ್ಪತ್ತಾಯಿತು. ನಾಲ್ಕೂ ಇಪ್ಪತ್ನಾಲ್ಕಾಯಿತು. ಅವಳು ಗೋಡೆಯ ಮೇಲೆ ಪುಟ್ಟ ಮಕ್ಕಳು ಅಂಟಿಸಿದ್ದ ಕಾಗದದ ಎಲೆಗಳನ್ನು ನೋಡುತ್ತಿದ್ದಳು. ಆಮೇಲೆ ಅವನು ಎದ್ದು ಒಳಗೆ ಹೋದ.

ಆ ಸಂಜೆಯ ವಿಜಯೋತ್ಸವವನ್ನು ಬೆಲ್ಟನ್ಸ್ ಫೆರಿಯವರು ಬಹಳ ಕಾಲ ನೆನೆದರು. ಕಳೆದ ಬೀಗದ ಕೈ ಜವಾನನ ಜೇಬಿನಲ್ಲೇ ಸಿಕ್ಕಿತು. ಲಿಂಡ್‌ಕ್ವಿಸ್ಟ್‌ಗೆ ಬಾಬಾ ಹಂಡೆಯಿಂದ ಎಂಟು ಸುರುಳಿ ಬಡಿಸಿದಳು. ಆತ ನಾಲ್ಕು ದಿನದ ನಂತರ ಬಿಸಿ ಊಟ ಕಂಡವನು, ಎಂಟನ್ನೂ ತಿಂದ. ಮಿಸ್ ಪೊಮರಾಯ್ ಚೆಟ್‌ನ ಜೊತೆ ಪೋಲ್ಕಾ ಕುಣಿದಳು. ಒಂದೇ ವಾರದಲ್ಲಿ ಅರ್ಧ ದಿನವನ್ನು ಪೂರ್ತಿ ದಿನ ಮಾಡಿಸಿದ ಹುಡಾಕ್‌ನನ್ನು ಮುಂದಿನ ಕರಾರಿಗೆ ಸಂಘದ ಪರವಾಗಿ ಕೂರಿಸಬೇಕೆಂದು ಕ್ಲಬ್ಬಿನಲ್ಲಿ ಠರಾವು ಪಾಸಾಯಿತು. ಸೋಮವಾರ ಬರ್ನಡೆಟ್ ಬೀದಿಯ ಮಕ್ಕಳ ಜೊತೆ ಗುಡ್ಡದ ಬಸ್ಸು ಹತ್ತಿದಳು.

ಅವಳು ಹೂಂ ಅಂದಿರಲಿಲ್ಲ. ಎಮಿಲ್ ಹುಡಾಕ್ ತನ್ನ ಮಾತನ್ನು ಗುರುವಾರ ನಾಲ್ಕೂ ಇಪ್ಪತ್ತಾರಕ್ಕೆ ಮುರಿದ.